ಉಪದೇಶ ಸಾಕು, ವಿಳಾಸ ಕೊಡಿ: ಮತದಾರರನ್ನು ಮತಗಟ್ಟೆ ಮುಟ್ಟಿಸುವ 11 ಸೂತ್ರಗಳು

2024ರ ಏಪ್ರಿಲ್ 26ರಂದು ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಶೇ 81.67ರಷ್ಟು ಮತದಾನವಾಯಿತು. ಅದೇ ದಿನ ನೂರು ಕಿಲೋಮೀಟರ್ ಆಚೆಯ ಬೆಂಗಳೂರು ದಕ್ಷಿಣದಲ್ಲಿ ಆದದ್ದು ಶೇ 53.17. ಬೆಂಗಳೂರು ಕೇಂದ್ರ ಮತ್ತು ಬೆಂಗಳೂರು ಉತ್ತರ ಕ್ಷೇತ್ರಗಳೂ ಶೇ 54ರ ಆಸುಪಾಸಿನಲ್ಲೇ ನಿಂತವು. ಅದಕ್ಕೂ ಹಿಂದಿನ ವರ್ಷ, ವಾರಾಂತ್ಯಕ್ಕೆ ರಜೆ ಸೇರಿಸಿಕೊಂಡು ಜನ ಊರು ಬಿಡದಿರಲಿ ಎಂದು ಚುನಾವಣಾ ಆಯೋಗ ವಿಧಾನಸಭೆಯ ಮತದಾನವನ್ನು ಬುಧವಾರಕ್ಕೆ ಇಟ್ಟಿತ್ತು. ಇಡೀ ರಾಜ್ಯ ಶೇ 73 ದಾಟಿತು, ರಾಜಧಾನಿ ಮಾತ್ರ ಅಲ್ಲೇ ಉಳಿಯಿತು.

ಪ್ರತಿ ಬಾರಿಯೂ ನಾವು ಒಂದೇ ತೀರ್ಪು ಕೊಡುತ್ತೇವೆ: ನಗರದವರಿಗೆ ಅಸಡ್ಡೆ. ಅಸಡ್ಡೆ ಇಲ್ಲವೆಂದಲ್ಲ. ಆದರೆ ಹಳ್ಳಿಯಲ್ಲಿ ಮತಗಟ್ಟೆ ಎಲ್ಲಿ ಎಂದು ಯಾರೂ ಕೇಳಬೇಕಿಲ್ಲ, ತಾವು ಓದಿದ ಸರ್ಕಾರಿ ಶಾಲೆಯೇ ಮತಗಟ್ಟೆ. ನಗರದಲ್ಲಿ ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಮೇಲೆ ಬದುಕುವವರಿಗೆ ಪಕ್ಕದ ಬೀದಿಯ ಶಾಲೆಯ ಹೆಸರೂ ತಿಳಿದಿರುವುದಿಲ್ಲ. ಹೆಸರು ಹಳೆಯ ಬಡಾವಣೆಯಲ್ಲಿ, ಮನೆ ಹೊಸ ಬಡಾವಣೆಯಲ್ಲಿ. ಇಂಥವರಿಗೆ ‘ಮತದಾನ ನಿಮ್ಮ ಪವಿತ್ರ ಕರ್ತವ್ಯ’ ಎಂಬ ಬ್ಯಾನರ್ ಏನೂ ಮಾಡದು. ಅವರಿಗೆ ಬೇಕಿರುವುದು ಯಾವ ಕಟ್ಟಡ, ಯಾವ ಕೊಠಡಿ, ಹೋಗುವ ದಾರಿ ಯಾವುದು ಎಂಬ ಉತ್ತರ. ಆ ಉತ್ತರವನ್ನು ಮನೆ ಬಾಗಿಲಿಗೆ ತಲುಪಿಸಲು ಸರ್ಕಾರವೇ ಆಗಬೇಕಿಲ್ಲ. ಅಪಾರ್ಟ್‌ಮೆಂಟ್ ಸಂಘ, ಕಾಲೇಜಿನ ಎನ್‌ಎಸ್‌ಎಸ್ ಘಟಕ, ಕನ್ನಡ ಸಂಘ, ಸ್ತ್ರೀಶಕ್ತಿ ಗುಂಪು, ಬೀದಿಯ ನಾಲ್ಕು ಉತ್ಸಾಹಿ ಯುವಕರು, ಯಾರು ಬೇಕಾದರೂ ಮಾಡಬಹುದು. ಹೇಗೆಂದು ಇಲ್ಲಿದೆ.

1. ಮೊದಲು ಹೆಸರು, ಆಮೇಲೆ ಮತಗಟ್ಟೆ

ಕೈಯಲ್ಲಿ ವೋಟರ್ ಐಡಿ ಇದ್ದ ಮಾತ್ರಕ್ಕೆ ಮತ ಹಾಕಲಾಗದು. ಮತದಾರರ ಪಟ್ಟಿಯಲ್ಲಿ ಹೆಸರು ಇರಲೇಬೇಕು. ಈ ಪಾಠವನ್ನು ರಾಜ್ಯಕ್ಕೆ ಕಲಿಸಿದ್ದು 2019ರ ಲೋಕಸಭಾ ಚುನಾವಣೆ. ಕರ್ನಾಟಕದಲ್ಲಿ ಆಯೋಗದ ರಾಯಭಾರಿಯಾಗಿದ್ದ ರಾಹುಲ್ ದ್ರಾವಿಡ್ ಅವರಿಗೇ ಆ ಸಲ ಮತ ಹಾಕಲು ಆಗಲಿಲ್ಲ. ಇಂದಿರಾನಗರದ ಮನೆ ಬಿಟ್ಟಾಗ ಅಲ್ಲಿನ ಪಟ್ಟಿಯಿಂದ ಹೆಸರು ತೆಗೆಸಲಾಗಿತ್ತು, ಹೊಸ ವಿಳಾಸದಲ್ಲಿ ಸೇರಿಸುವ ಅರ್ಜಿ ಸಮಯಕ್ಕೆ ಸಲ್ಲಿಕೆಯಾಗಿರಲಿಲ್ಲ. ಅವರಿಗೇ ಹೀಗಾದರೆ ವರ್ಷಕ್ಕೊಮ್ಮೆ ಮನೆ ಬದಲಿಸುವ ಉಳಿದವರ ಪಾಡೇನು?

ಆದ್ದರಿಂದ ಕೆಲಸವನ್ನು ಚುನಾವಣೆ ಘೋಷಣೆಯಾಗುವ ಮೊದಲೇ ಶುರು ಮಾಡಿ. ಹೊಸದಾಗಿ ಸೇರುವವರಿಗೆ ನಮೂನೆ 6. ಮನೆ ಬದಲಿಸಿದವರಿಗೆ, ವಿವರ ತಿದ್ದಿಸಬೇಕಾದವರಿಗೆ ನಮೂನೆ 8. ಹದಿನೆಂಟು ತುಂಬಿದವರು ಈಗ ಜನವರಿ 1ಕ್ಕೇ ಕಾಯಬೇಕಿಲ್ಲ. ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅರ್ಹತಾ ದಿನಾಂಕಗಳೇ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಪಟ್ಟಿಗೆ ಹೆಸರು ಸೇರುವುದಿಲ್ಲ. ಅರ್ಜಿಯ ಪರಿಶೀಲನೆಗೂ ದಿನಗಳು ಬೇಕು. ಹಾಗಾಗಿ ಕೊನೆಯ ವಾರದ ಓಡಾಟವನ್ನು ನಂಬಬೇಡಿ.

2. ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಲು ಕಲಿಸಿ

ವಿಧಾನಸಭಾ ಕ್ಷೇತ್ರದ ಸಂಖ್ಯೆ, ಭಾಗ ಸಂಖ್ಯೆ, ಕ್ರಮ ಸಂಖ್ಯೆ. ಈ ಮೂರು ಗೊತ್ತಿದ್ದರೆ ಮತಗಟ್ಟೆಯೂ ಸಿಕ್ಕಿತು, ಒಳಗಿನ ಅಧಿಕಾರಿಗೆ ಪಟ್ಟಿಯಲ್ಲಿ ಹೆಸರೂ ಸಿಕ್ಕಿತು. ಹುಡುಕಲು ಬೇಕಿರುವುದು ಎಪಿಕ್ ಸಂಖ್ಯೆ, ಅಂದರೆ ವೋಟರ್ ಐಡಿಯ ಮೇಲಿರುವ ಮೂರು ಇಂಗ್ಲಿಷ್ ಅಕ್ಷರ ಮತ್ತು ಏಳು ಅಂಕೆ. ಆಯೋಗದ ಮತದಾರರ ಸೇವಾ ಪೋರ್ಟಲ್‌ನಲ್ಲೋ ಆ್ಯಪ್‌ನಲ್ಲೋ ಅದನ್ನು ಹಾಕಿದರೆ ಮೂರೂ ಸಂಖ್ಯೆಗಳ ಜೊತೆ ಮತಗಟ್ಟೆಯ ವಿಳಾಸ ಬರುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರು 1950ಕ್ಕೆ ಕರೆ ಮಾಡಿ ಕೇಳಬಹುದು.

ಹೆಸರು ಕೊಟ್ಟು ಹುಡುಕುವಾಗ ಸಿಗದಿದ್ದರೆ ಗಾಬರಿ ಬೇಡ. ಇನಿಷಿಯಲ್ ಹಿಂದೆ ಮುಂದೆ ಆಗಿರಬಹುದು, ‘ಲಕ್ಷ್ಮಮ್ಮ’ ಎಂಬುದರ ಇಂಗ್ಲಿಷ್ ಕಾಗುಣಿತ ಬೇರೆ ಇರಬಹುದು, ಮದುವೆಯ ನಂತರವೂ ತಂದೆಯ ಹೆಸರೇ ಉಳಿದಿರಬಹುದು. ಮನೆಯ ಇನ್ನೊಬ್ಬರ ಹೆಸರು ಸಿಕ್ಕರೆ ಅವರ ಭಾಗದ ಪಟ್ಟಿ ತೆರೆದು ಅದೇ ಮನೆ ಸಂಖ್ಯೆಯಡಿ ಕಣ್ಣಾಡಿಸಿ. ಬಹಳಷ್ಟು ಸಲ ಕಳೆದುಹೋದ ಹೆಸರು ಅಲ್ಲೇ ಇರುತ್ತದೆ.

3. ಶಾಲೆಯ ಹೆಸರು ಸಾಲದು, ಕೊಠಡಿ ಹೇಳಿ

ನಗರದ ಸರ್ಕಾರಿ ಶಾಲೆಯೊಂದರ ಚುನಾವಣಾ ದಿನವನ್ನು ನೆನೆಯಿರಿ. ಒಂದೇ ಆವರಣ, ಎರಡು ಗೇಟು, ಆರು ಕೊಠಡಿ, ಆರು ಭಾಗ ಸಂಖ್ಯೆ, ಆರು ಸಾಲು. ಪಟ್ಟಿಯಲ್ಲಿ ‘ಪೂರ್ವ ಭಾಗ’, ‘ದಕ್ಷಿಣ ಭಾಗ, ಕೊಠಡಿ 3’ ಎಂದೆಲ್ಲ ಬರೆದಿರುತ್ತದೆ. ಬಿಸಿಲಲ್ಲಿ ನಿಂತು ನಿಂತು ಬಾಗಿಲ ಬಳಿ ಬಂದಾಗ ‘ನಿಮ್ಮದು ಈ ಬೂತ್ ಅಲ್ಲ, ಹಿಂದಿನ ಕಟ್ಟಡಕ್ಕೆ ಹೋಗಿ’ ಎನ್ನುತ್ತಾರೆ. ಮಂಡಿನೋವಿನ ಅಜ್ಜಿ, ಕೂಸನ್ನು ಎತ್ತಿಕೊಂಡ ತಾಯಿ, ಹನ್ನೆರಡಕ್ಕೆ ಡ್ಯೂಟಿಗೆ ಹಾಜರಾಗಬೇಕಾದ ಸೆಕ್ಯೂರಿಟಿ ಗಾರ್ಡ್ ಇನ್ನೊಂದು ಸಾಲಿಗೆ ಹೋಗಿ ಹೊಸದಾಗಿ ನಿಲ್ಲುವುದು ಕಷ್ಟ. ಹಲವರು ಅಲ್ಲಿಂದಲೇ ಮನೆಗೆ ತಿರುಗುತ್ತಾರೆ.

ಹಿಂದಿನ ದಿನವೇ ಹೋಗಿ ನೋಡಿ ಬನ್ನಿ. ‘ನೀರಿನ ಟ್ಯಾಂಕ್ ಪಕ್ಕದ ಗೇಟಿನಿಂದ ಒಳಗೆ ಹೋಗಿ, ಎಡಗಡೆಯ ಎರಡನೇ ಕೊಠಡಿ’ ಎಂದು ಹೇಳುವಷ್ಟು ಸ್ಪಷ್ಟತೆ ಇರಲಿ. ಒಂದೇ ಮನೆಯ ಗಂಡ ಹೆಂಡಿರ ಹೆಸರು ಬೇರೆ ಬೇರೆ ಭಾಗದಲ್ಲಿರುವುದೂ ಅಪರೂಪವಲ್ಲ. ಮನೆಗೆ ಒಂದು ವಿಳಾಸ ಎಂದು ತೀರ್ಮಾನಿಸದೆ ಪ್ರತಿಯೊಬ್ಬರದೂ ನೋಡಿ.

4. ‘ಹೋದ ಸಲ ಇಲ್ಲೇ ಹಾಕಿದ್ದೆ’ ಎನ್ನುವವರನ್ನು ಮೊದಲು ಹುಡುಕಿ

ಮತಗಟ್ಟೆ ಬದಲಾದರೆ ಎಷ್ಟು ಮತ ನಷ್ಟವಾಗುತ್ತದೆ ಎಂಬುದಕ್ಕೆ ಅಮೆರಿಕದಿಂದ ಒಂದು ಗಟ್ಟಿ ಅಧ್ಯಯನವಿದೆ. 2003ರ ಕ್ಯಾಲಿಫೋರ್ನಿಯಾ ಗವರ್ನರ್ ವಾಪಸಾತಿ (ರಿಕಾಲ್) ಚುನಾವಣೆಯಲ್ಲಿ ಲಾಸ್ ಏಂಜಲೀಸ್ ಕೌಂಟಿ ತನ್ನ ಮತಗಟ್ಟೆಗಳ ಸಂಖ್ಯೆಯನ್ನು ತಗ್ಗಿಸಿತು. ಬ್ರೇಡಿ ಮತ್ತು ಮ್ಯಾಕ್‌ನಲ್ಟಿ ಎಂಬ ರಾಜ್ಯಶಾಸ್ತ್ರಜ್ಞರು ಲೆಕ್ಕ ಹಾಕಿದಾಗ, ಮತಗಟ್ಟೆ ಬದಲಾದವರಲ್ಲಿ ಮತಗಟ್ಟೆಗೆ ಬಂದು ಮತ ಹಾಕಿದವರ ಪ್ರಮಾಣ ಸುಮಾರು ಮೂರು ಶೇಕಡಾಂಶ ಇಳಿದಿತ್ತು. ಸ್ವಲ್ಪ ಭಾಗ ಅಂಚೆ ಮತದ ಮೂಲಕ ತುಂಬಿಬಂತು. ನಮ್ಮಲ್ಲಿ ಸಾಮಾನ್ಯ ಮತದಾರನಿಗೆ ಆ ದಾರಿಯೂ ಇಲ್ಲ.

ಇದು ನಮಗೆ ಈಗ ಯಾಕೆ ಮುಖ್ಯ? ಒಂದು ಮತಗಟ್ಟೆಗೆ 1500 ಮತದಾರರೆಂಬ ಮಿತಿಯನ್ನು ಆಯೋಗ 2025ರಲ್ಲಿ 1200ಕ್ಕೆ ಇಳಿಸಿದೆ. ಸಾಲು ಕಿರಿದಾಗಲು ಇದು ಒಳ್ಳೆಯ ಕ್ರಮ. ಆದರೆ ದೊಡ್ಡ ಮತಗಟ್ಟೆಗಳು ಒಡೆದು ಎರಡಾಗುವಾಗ ಅನೇಕರ ಭಾಗ ಸಂಖ್ಯೆ, ಕೊಠಡಿ, ಕೆಲವೊಮ್ಮೆ ಕಟ್ಟಡವೂ ಬದಲಾಗುತ್ತದೆ. ಇಂಥ ಬದಲಾವಣೆ ಆದ ಬೀದಿಗಳನ್ನು ಗುರುತಿಸಿ. ಎಲ್ಲರಿಗೂ ಒಂದೇ ಸಂದೇಶ ಕಳಿಸುವ ಬದಲು ಈ ಬೀದಿಗಳ ಬಾಗಿಲನ್ನು ಮೊದಲು ತಟ್ಟಿ. ನಿಮ್ಮ ಶ್ರಮಕ್ಕೆ ಹೆಚ್ಚು ಫಲ ಸಿಗುವುದು ಅಲ್ಲೇ.

5. ಬಿಎಲ್‌ಒಗಳಿಗೆ ಗೇಟು ತೆರೆಸಿ

ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಎಂದರೆ ದೊಡ್ಡ ಸಾಹೇಬರಲ್ಲ. ಹೆಚ್ಚಿನವರು ನಿಮ್ಮ ಬಡಾವಣೆಯ ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು, ಸ್ಥಳೀಯ ಸಂಸ್ಥೆಯ ನೌಕರರು. ತಮ್ಮ ಕೆಲಸ ಮುಗಿಸಿ, ಸಂಜೆ ಹೊತ್ತು ಮನೆಮನೆ ಸುತ್ತುತ್ತಾರೆ. ಮತದಾನಕ್ಕೆ ಕನಿಷ್ಠ 5 ದಿನ ಮೊದಲು ಮತದಾರರ ಮಾಹಿತಿ ಚೀಟಿಯನ್ನು, ಅಂದರೆ ನಾವೆಲ್ಲ ವೋಟರ್ ಸ್ಲಿಪ್ ಎನ್ನುವುದನ್ನು, ಹಂಚುವ ಹೊಣೆ ಅವರದು. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಅವರ ಕೆಲಸ ಗೇಟಿನಲ್ಲೇ ನಿಲ್ಲುತ್ತದೆ. ಒಳಗೆ ಬಿಡಲು ಫ್ಲ್ಯಾಟಿನಿಂದ ಅನುಮತಿ ಬೇಕು, ಫ್ಲ್ಯಾಟಿನವರು ಆಫೀಸಿನಲ್ಲಿ. ಚೀಟಿಗಳ ಕಟ್ಟು ಸೆಕ್ಯೂರಿಟಿ ಟೇಬಲ್ ಮೇಲೆ ಧೂಳು ತಿನ್ನುತ್ತದೆ.

ಸಂಘದವರು ಎರಡು ಸಂಜೆ ಕ್ಲಬ್‌ಹೌಸಿನಲ್ಲಿ ಮೇಜು, ಕುರ್ಚಿ, ಫ್ಯಾನು, ಕುಡಿಯುವ ನೀರು ಕೊಟ್ಟು ಅವರನ್ನು ಕೂರಿಸಲಿ. ನಿವಾಸಿಗಳಿಗೆ ಮುಂಚೆಯೇ ತಿಳಿಸಲಿ. ಚೀಟಿ ಪಡೆಯಲು ಮನೆಗೆಲಸದವರನ್ನೂ, ಚಾಲಕರನ್ನೂ ಕರೆಯಬೇಡಿ. ಅವರ ಚೀಟಿ ಅವರ ಬಡಾವಣೆಯ ಬಿಎಲ್‌ಒ ಬಳಿ ಇರುತ್ತದೆ. ಅದನ್ನು ತರಲು ಅವರಿಗೆ ಅರ್ಧ ದಿನ ಬಿಡುವು ಕೊಟ್ಟರೆ ಅದೇ ದೊಡ್ಡ ಉಪಕಾರ.

6. ನಕ್ಷೆ ಫೋನಿನಲ್ಲೂ ಇರಲಿ, ಗೋಡೆಯ ಮೇಲೂ ಇರಲಿ

2023ರಲ್ಲಿ ರಾಜ್ಯದ ಚುನಾವಣಾಧಿಕಾರಿಗಳು ‘ಚುನಾವಣಾ’ ಆ್ಯಪ್ ತಂದು ಮತಗಟ್ಟೆಯ ಸ್ಥಳವನ್ನು ಫೋನಿನಲ್ಲೇ ತೋರಿಸುವ ವ್ಯವಸ್ಥೆ ಮಾಡಿದರು. 2024ರಲ್ಲಿ ಬೆಂಗಳೂರಿನ ಚೀಟಿಗಳಲ್ಲಿ ಕ್ಯೂಆರ್ ಕೋಡ್ ಬಂತು. ಸ್ಕ್ಯಾನ್ ಮಾಡಿದರೆ ದಾರಿ ತೋರಿಸುತ್ತದೆ. ಇವನ್ನು ಬಳಸಿ, ಬಳಸುವುದನ್ನು ಇತರರಿಗೆ ತೋರಿಸಿಕೊಡಿ. ಆದರೆ ಹಂಚುವ ಮೊದಲು ಆ ನಕ್ಷೆ ಹಿಡಿದು ಒಮ್ಮೆ ನಡೆದು ಹೋಗಿ. ನಕ್ಷೆಯ ಗುರುತು ಶಾಲೆಯ ಹಿಂಗೋಡೆಗೆ ಒಯ್ದು ನಿಲ್ಲಿಸುತ್ತಿದೆಯೋ, ಮುಂಬಾಗಿಲಿಗೋ ನೀವೇ ನೋಡಿ.

ಫೋನ್ ಹಿಡಿಯದವರಿಗಾಗಿ ಒಂದು ದೊಡ್ಡ ಹಾಳೆ ಸಾಕು. ಮೇಲೆ ಬೀದಿಗಳ ಹೆಸರು, ಎದುರಿಗೆ ಭಾಗ ಸಂಖ್ಯೆ, ಅದರ ಮುಂದೆ ಶಾಲೆ ಮತ್ತು ಕೊಠಡಿ, ಕೆಳಗೆ ಕೈಯಿಂದ ಬಿಡಿಸಿದ ದಾರಿ. ಹಾಲಿನ ಬೂತ್, ನ್ಯಾಯಬೆಲೆ ಅಂಗಡಿ, ದರ್ಶಿನಿ, ಆಟೊ ನಿಲ್ದಾಣದಲ್ಲಿ ಮಾಲೀಕರ ಒಪ್ಪಿಗೆ ಪಡೆದು ಅಂಟಿಸಿ. ಚುನಾವಣೆ ಸಮಯದಲ್ಲಿ ಮುದ್ರಿಸುವ ಕರಪತ್ರಕ್ಕೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಬೇಕೆಂಬ ಕಾನೂನು ಇದೆ, ಮರೆಯಬೇಡಿ. ಗುರುತುಗಳು ಜನ ಬಳಸುವಂಥವೇ ಆಗಿರಲಿ: ‘ಗಣೇಶನ ಗುಡಿ ಎದುರು’, ‘ಹಳೇ ಟೆಂಟ್ ರಸ್ತೆ’. ಬೆಂಗಳೂರಿನಂಥ ಊರಲ್ಲಿ ಕನ್ನಡದ ಕೆಳಗೆ ಆ ಬಡಾವಣೆಯ ಜನ ಓದುವ ಉರ್ದು, ತಮಿಳು, ತೆಲುಗು, ಹಿಂದಿಯಲ್ಲೂ ಒಂದು ಸಾಲು ಸೇರಿಸಿ.

7. ‘ಹಾಕ್ತೀರಾ?’ ಎನ್ನಬೇಡಿ, ‘ಎಷ್ಟು ಗಂಟೆಗೆ ಹೋಗ್ತೀರಾ?’ ಎನ್ನಿ

2008ರಲ್ಲಿ ಪೆನ್ಸಿಲ್ವೇನಿಯಾದ ಪ್ರಾಥಮಿಕ ಚುನಾವಣೆಯ ವೇಳೆ ನಿಕರ್‌ಸನ್ ಮತ್ತು ರಾಜರ್ಸ್ ಎಂಬ ಸಂಶೋಧಕರು ಮತದಾರರಿಗೆ ಫೋನ್ ಮಾಡಿಸಿ ಒಂದು ಪ್ರಯೋಗ ನಡೆಸಿದರು. ಕೆಲವರಿಗೆ ಬರೀ ಪ್ರೋತ್ಸಾಹದ ಮಾತು. ಇನ್ನು ಕೆಲವರಿಗೆ ಮೂರು ಪ್ರಶ್ನೆ: ಎಷ್ಟು ಗಂಟೆಗೆ ಹೋಗುತ್ತೀರಿ, ಎಲ್ಲಿಂದ ಹೊರಡುತ್ತೀರಿ, ಅದಕ್ಕೆ ಮುಂಚೆ ಏನು ಮಾಡುತ್ತಿರುತ್ತೀರಿ. ಯೋಜನೆ ಹಾಕಿಸಿದವರಲ್ಲಿ ಮತದಾನ 4.1 ಶೇಕಡಾಂಶ ಏರಿತು. ಒಬ್ಬರೇ ಮತದಾರರಿರುವ ಮನೆಗಳಲ್ಲಿ ಏರಿಕೆ ಇನ್ನೂ ಹೆಚ್ಚು.

ಕಾರಣ ಅರ್ಥವಾಗುವಂಥದ್ದೇ. ಸಮಯ, ದಾರಿ ನಿಶ್ಚಯವಾದ ಕೆಲಸ ದಿನದ ಗದ್ದಲದಲ್ಲಿ ಕಳೆದುಹೋಗುವುದಿಲ್ಲ. ನಮ್ಮಲ್ಲಿ ಹೀಗೆ ಕೇಳಿ: ‘ಬೆಳಿಗ್ಗೆ ತಿಂಡಿಗೆ ಮುಂಚೆಯೋ, ಆಮೇಲೋ? ಯಾರ ಜೊತೆ? ನಡೆದೋ, ಬಸ್ಸಲ್ಲೋ?’ ಅಮ್ಮ ಏಳಕ್ಕೇ ಹೋಗಿಬಂದು ಮಗುವನ್ನು ನೋಡಿಕೊಂಡರೆ ಸೊಸೆ ಎಂಟಕ್ಕೆ ಹೊರಡಬಹುದು. ಈ ಲೆಕ್ಕ ಹಿಂದಿನ ರಾತ್ರಿಯೇ ಆಗಿರಲಿ.

8. ಕೂಲಿಯವರಿಗೆ ರಜೆಯ ಹಕ್ಕು ತಿಳಿಸಿ

ಪ್ರಜಾಪ್ರತಿನಿಧಿ ಕಾಯ್ದೆ 1951ರ 135ಬಿ ಕಲಂ ಪ್ರಕಾರ ಮತದಾನದ ದಿನ ವೇತನಸಹಿತ ರಜೆ ಕೊಡಲೇಬೇಕು. ದಿನಗೂಲಿಯವರಿಗೂ ಇದು ಅನ್ವಯ. ಕೊಡದ ಮಾಲೀಕರಿಗೆ ದಂಡವಿದೆ. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು, ಕಟ್ಟಡ ಕೆಲಸದವರು, ಹೋಟೆಲ್ ಕಾರ್ಮಿಕರಲ್ಲಿ ಎಷ್ಟೋ ಮಂದಿಗೆ ಈ ಹಕ್ಕಿನ ಅರಿವಿಲ್ಲ. ಬೆಂಗಳೂರಿನಲ್ಲಿ ದುಡಿದು ಹೆಸರನ್ನು ರಾಯಚೂರಿನಲ್ಲೋ ಕಲಬುರಗಿಯಲ್ಲೋ ಇಟ್ಟುಕೊಂಡವರಿಗೆ ಎರಡು ದಾರಿ: ಊರಿಗೆ ಹೋಗಲು ಮುಂಗಡ ಟಿಕೆಟ್ ಮಾಡಿಸಿ, ಇಲ್ಲವೇ ಖಾಯಂ ಇಲ್ಲೇ ವಾಸವಿದ್ದರೆ ಹೆಸರನ್ನು ಇಲ್ಲಿಗೇ ವರ್ಗಾಯಿಸಿಕೊಳ್ಳಿ. ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಅಪರಾಧ.

9. ಹಿರಿಯರ ಹೆಸರಿನ ಪಟ್ಟಿಯನ್ನು ಬೇರೆಯೇ ಮಾಡಿ

85 ದಾಟಿದವರು ಮತ್ತು ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಮನೆಯಿಂದಲೇ ಮತ ಹಾಕಬಹುದು. ಅದಕ್ಕೆ ನಮೂನೆ 12ಡಿ ತುಂಬಿ, ಚುನಾವಣಾ ಅಧಿಸೂಚನೆ ಹೊರಬಿದ್ದ 5 ದಿನಗಳೊಳಗೆ ಕೊಡಬೇಕು. ಸಮಯ ಬಹಳ ಕಡಿಮೆ. ಆದ್ದರಿಂದ ಬೀದಿಯಲ್ಲಿ ಇಂಥವರು ಯಾರಿದ್ದಾರೆ ಎಂಬುದು ಮೊದಲೇ ಗೊತ್ತಿರಲಿ.

ಮತಗಟ್ಟೆಗೇ ಬರುತ್ತೇನೆ ಎನ್ನುವ ಛಲದ ಅಜ್ಜ ಅಜ್ಜಿಯರಿಗೆ ರ‍್ಯಾಂಪ್ ಇರುವ ಗೇಟು ಯಾವುದು, ಗಾಲಿಕುರ್ಚಿ ಎಲ್ಲಿದೆ ಎಂದು ತಿಳಿಸಿ. ಗಾಲಿಕುರ್ಚಿಯನ್ನು ಆಯೋಗದ ಆ್ಯಪ್ ಮೂಲಕ ಕೋರಬಹುದು. ದೃಷ್ಟಿದೋಷ ಅಥವಾ ದೌರ್ಬಲ್ಯದಿಂದ ತಾವೇ ಮತ ಹಾಕಲಾಗದವರು 18 ತುಂಬಿದ ಒಬ್ಬ ಜೊತೆಗಾರರನ್ನು ಕರೆದೊಯ್ಯಬಹುದು. ಮತಯಂತ್ರದ ಮೇಲೆ ಬ್ರೈಲ್ ಅಂಕೆಗಳೂ ಇರುತ್ತವೆ.

10. ಮತದಾನದ ದಿನದ ಸಹಾಯ ಮೇಜು, ಗೆರೆ ದಾಟದೆ

ಮತಗಟ್ಟೆಯಿಂದ 100 ಮೀಟರ್ ಒಳಗೆ ಪ್ರಚಾರ ನಿಷಿದ್ಧ. ನೀವು ಯಾರ ಪರವೂ ಅಲ್ಲದಿದ್ದರೂ ಮೇಜನ್ನು ದೂರವೇ, ಬಡಾವಣೆಯ ಗೇಟಿನ ಬಳಿ ಅಥವಾ ಬಸ್ ನಿಲ್ದಾಣದ ಹತ್ತಿರ ಇಡಿ. ಪಕ್ಷದ ಬಣ್ಣ, ಶಾಲು, ಚಿಹ್ನೆ ಯಾವುದೂ ಇರಬಾರದು. ಅಭ್ಯರ್ಥಿಗಳ ಕಡೆಯವರು ಮತದಾರರನ್ನು ಉಚಿತ ವಾಹನದಲ್ಲಿ ಸಾಗಿಸುವುದು ಕಾಯ್ದೆಯಲ್ಲಿ ಭ್ರಷ್ಟ ಆಚರಣೆ. ಅಂಥ ಗಾಡಿಗೆ ಜನರನ್ನು ಹತ್ತಿಸುವ ಕೆಲಸಕ್ಕೆ ಕೈ ಹಾಕಬೇಡಿ. ಯಾರಿಗೆ ಮತ ಎಂದು ಕೇಳಬೇಡಿ. ಫೋನ್ ನಂಬರ್, ಆಧಾರ್ ವಿವರ ಬರೆದುಕೊಳ್ಳಬೇಡಿ. ಜಾಗೃತಿಯ ಹೆಸರಿನಲ್ಲಿ ಬೆಂಗಳೂರಿನ ಮತದಾರರ ಮಾಹಿತಿ ಸಂಗ್ರಹಿಸಲಾಗಿದೆ ಎಂಬ ಆರೋಪ 2022ರಲ್ಲಿ ಎದ್ದಾಗ ಜನರ ವಿಶ್ವಾಸಕ್ಕೆ ಬಿದ್ದ ಪೆಟ್ಟು ಇನ್ನೂ ಮಾಸಿಲ್ಲ.

ಮೇಜಿನ ಬಳಿ ಹೇಳಬೇಕಾದವು ಇಷ್ಟು:

- ವೋಟರ್ ಸ್ಲಿಪ್ ಗುರುತಿನ ಚೀಟಿಯಲ್ಲ. ವೋಟರ್ ಐಡಿ ಇಲ್ಲದಿದ್ದರೆ ಆಧಾರ್, ಚಾಲನಾ ಪರವಾನಗಿ, ಪ್ಯಾನ್, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್‌ನಂಥ ಆಯೋಗ ಒಪ್ಪಿದ ದಾಖಲೆಗಳಲ್ಲಿ ಒಂದು ಸಾಕು.
- ಸ್ಲಿಪ್ ಸಿಗಲಿಲ್ಲವೆಂದು ಮನೆಯಲ್ಲಿ ಕೂರಬೇಡಿ. ಪಟ್ಟಿಯಲ್ಲಿ ಹೆಸರಿದ್ದು ಗುರುತಿನ ದಾಖಲೆ ಇದ್ದರೆ ಮತ ಹಾಕಬಹುದು.
- ಮೊಬೈಲ್ ಫೋನ್ ಒಳಗೆ ಒಯ್ಯುವಂತಿಲ್ಲ. ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ.
- ಮುಕ್ತಾಯದ ವೇಳೆಗೆ ಸಾಲಿನಲ್ಲಿ ನಿಂತಿರುವ ಎಲ್ಲರಿಗೂ ಮತ ಹಾಕುವ ಹಕ್ಕಿದೆ. ಅಧಿಕಾರಿಗಳು ಸಾಲಿನ ಕೊನೆಯವರಿಂದ ಶುರು ಮಾಡಿ ಚೀಟಿ ಕೊಡುತ್ತಾರೆ. ಐದೂ ಮುಕ್ಕಾಲಾಯಿತೆಂದು ಯಾರೂ ಹಿಂದಿರುಗಬೇಡಿ.
- ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿದ್ದರೆ ಅಧ್ಯಕ್ಷಾಧಿಕಾರಿಯನ್ನು ಕೇಳಿ. ಗುರುತು ಸಾಬೀತುಪಡಿಸಿದರೆ ಕಾಗದದ ಮತಪತ್ರದಲ್ಲಿ ಟೆಂಡರ್ ಮತ ಹಾಕುವ ಅವಕಾಶವಿದೆ.

11. ಮರುದಿನವೇ ಮುಂದಿನ ಚುನಾವಣೆಯ ಕೆಲಸ ಶುರು ಮಾಡಿ

ಹೆಸರಿಲ್ಲದೆ ಹಿಂದಿರುಗಿದವರು, ದೂರದ ಮತಗಟ್ಟೆಗೆ ಬಿದ್ದವರು, ಮನೆ ಬದಲಿಸಿದವರು, ಎಲ್ಲರ ಸಿಟ್ಟೂ ಆ ದಿನ ಹಸಿಯಾಗಿರುತ್ತದೆ. ಆಗಲೇ ನಮೂನೆ ತುಂಬಿಸಿ. ತೀರಿಹೋದವರ, ಊರು ಬಿಟ್ಟವರ ಹೆಸರು ತೆಗೆಸಲು ಮನೆಯವರಿಗೆ ನಮೂನೆ 7ರ ಬಗ್ಗೆ ತಿಳಿಸಿ. ಇಲ್ಲದವರ ಹೆಸರು ಪಟ್ಟಿಯಲ್ಲಿ ಉಳಿದಷ್ಟೂ ನಗರದ ಶೇಕಡಾವಾರು ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಮತದಾರ 2 ಕಿಲೋಮೀಟರಿಗಿಂತ ಹೆಚ್ಚು ಹೋಗಬೇಕಾಗಬಾರದು ಎಂಬುದು ಆಯೋಗದ ನಿಯಮ. ನಿಮ್ಮ ಬಡಾವಣೆಯಲ್ಲಿ ಅದು ಪಾಲನೆಯಾಗಿಲ್ಲದಿದ್ದರೆ, ಪಟ್ಟಿ ಪರಿಷ್ಕರಣೆಗೆ ಮುನ್ನ ಮತಗಟ್ಟೆಗಳ ಕರಡು ಪ್ರಕಟವಾದಾಗ ನೋಂದಣಾಧಿಕಾರಿಗೆ ಲಿಖಿತ ಸಲಹೆ ಕೊಡಿ. ಬಹುಮಹಡಿ ವಸತಿ ಸಮುಚ್ಚಯಗಳ ಒಳಗೇ ಮತಗಟ್ಟೆ ತೆರೆಯಲೂ ಆಯೋಗ ಒತ್ತು ಕೊಡುತ್ತಿದೆ. ಸಭಾಂಗಣ ಬಿಟ್ಟುಕೊಡಲು ಸಂಘ ಮುಂದಾಗಲಿ.

ಇನ್ನೊಂದು ಮಾತು ನೆನಪಿರಲಿ. ಗ್ರಾಮ ಪಂಚಾಯಿತಿ, ನಗರಪಾಲಿಕೆ ಚುನಾವಣೆಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅಲ್ಲಿ ಪಟ್ಟಿ ವಾರ್ಡುವಾರು ವಿಂಗಡಣೆಯಾಗುತ್ತದೆ, ಮತಗಟ್ಟೆಯೂ ಬೇರೆ ಇರಬಹುದು. ವಿಧಾನಸಭೆಗೆ ಮತ ಹಾಕಿದ ಕೊಠಡಿಯನ್ನೇ ನಂಬಿ ಹೊರಡಬೇಡಿ. ಬೆಂಗಳೂರು ಐದು ಪಾಲಿಕೆಗಳಾಗಿ ಹಂಚಿಹೋಗಿರುವ ಈ ಹೊತ್ತಿನಲ್ಲಿ ‘ನನ್ನ ವಾರ್ಡ್ ಯಾವುದು?’ ಎಂಬ ಪ್ರಶ್ನೆಗೇ ಅನೇಕರಿಗೆ ಉತ್ತರ ಬೇಕಾಗಿದೆ.

ಇಷ್ಟಕ್ಕೂ ದುಡ್ಡು ಬೇಕಿಲ್ಲ, ಅಧಿಕಾರ ಬೇಕಿಲ್ಲ. ನೆರೆಹೊರೆಯವರ ಮೇಲೆ ಕಾಳಜಿ, ಒಂದು ಪೆನ್ನು, ಒಂದು ಪಟ್ಟಿ ಸಾಕು. ಈ ಸಂಜೆಯೇ ನಿಮ್ಮ ಮನೆಯವರೆಲ್ಲರ ಭಾಗ ಸಂಖ್ಯೆ ಹುಡುಕಿ ಬರೆದಿಡಿ. ನಾಳೆ ಎಡಬಲದ ಮನೆಗಳವರದು ಹುಡುಕಿಕೊಡಿ. ಬೀದಿಗೆ ಹತ್ತು ಮಂದಿ ಹೀಗೆ ಹೊರಟರೆ ನಗರದ ಮತದಾನ ಏರಲೇಬೇಕು, ಏರಿಯೇ ತೀರುತ್ತದೆ.